ಕಂಪಾಸ್ ಪೆಟ್ಟಿಗೆಯಲ್ಲಿದ್ದ ಕೊನೆಯ ಪುಟ

“ಕಡೀ ಪುಟ ಎಲ್ಲಿ ಹೋತವಾ?” ಎಂದು ಗದರಿಸಿದೆ. ಪುಣೆಯ ನಮ್ಮ ಕನ್ನಡ ಶಾಲೆಯ ಗ್ರಂಥಾಲಯದಲ್ಲಿ, ವಾಪಸು ಬಂದ ಪುಸ್ತಕದ ಪುಟಗಳನ್ನು ಎಣಿಸುವ ಘನಕಾರ್ಯ ನನ್ನದು. ಕಾವ್ಯನಾಮದಲ್ಲಿ ಈ ಪುಸ್ತಕ ಬರೆದವನೂ ನಾನೇ. ಒಂದು ಆಡಿನ ಮರಿಯ ಕಥೆ.

ಮೂರನೇ ತರಗತಿಯ ಗೌರಿ ಕಂಪಾಸ್ ಪೆಟ್ಟಿಗೆಯಿಂದ ಮಡಚಿದ ಹಾಳೆ ತೆಗೆದು ಕೊಟ್ಟಳು. “ನಾನ ಹರದೇನ್ರಿ ಸರ್. ಇದರಾಗ ಮರಿ ಸಾಯ್ತದ. ಓದಿದ್ರ ನಮ್ಮ ತಂಗಿ ಭಾಳ ಅಳ್ತಾಳ್ರಿ.”

“ಪುಟ ಹರದವರ ಕಾರ್ಡ್ ಜಪ್ತಿ, ಗೊತ್ತದ ಇಲ್ಲೋ?”

“ತಗೋರಿ. ಆದ್ರ ಅದನ್ನ ಮತ್ತ ಅಂಟಸಬ್ಯಾಡ್ರಿ. ಸಣ್ಣ ಹುಡುಗ್ರು ಓದ್ತಾರಂತ ಬರದವರಿಗೆ ಯಾರೂ ಹೇಳಲಿಲ್ಲೇನ್ರಿ?”

ಬರೆದ ಮಹಾನುಭಾವ ಯಾರೆಂದು ಹೇಳುವ ಧೈರ್ಯವಾಗದೆ ಕಾರ್ಡನ್ನು ಅವಳಿಗೇ ಮರಳಿಸಿದೆ.

ಅದೇ ಕಥೆಯ ಮರುಮುದ್ರಣದ ಕರಡು ನಾಲ್ಕು ದಿನದಿಂದ ಮೇಜಿನ ಮೇಲಿದೆ. ಮರಿಯನ್ನು ಕೊಲ್ಲಲೂ ಕೈ ಬಾರದು, ಬದುಕಿಸಲೂ ಬಾರದು. ಕಪಾಟುಗಳ ನಡುವೆ ಸುಮ್ಮನೆ ಓಡಾಡುತ್ತಿದ್ದೇನೆ.