ಅಕ್ಕನ ಮೋಟಾರಿನ ಸ್ಟೆಪ್ನಿ

ನಮ್ಮ ಸೋದರಮಾವನ ಬಲಗೈ ಹೆಬ್ಬೆರಳಿನ ಉಗುರಿನಲ್ಲಿ ಅಡ್ಡಲಾಗಿ ಒಂದು ಗೆರೆ ಕೊರೆದಿತ್ತು. ಬೆಟಗೇರಿಯ ಮಗ್ಗದ ಮುಂದೆ ಕೂತು, ಹರಿದ ನೂಲನ್ನು ಆ ಉಗುರಿನ ಮೇಲೆ ಎಳೆದೆಳೆದು ಗಂಟು ಹಾಕಿ ಆದ ಗೆರೆ ಅದು. ನನಗೆ ಹತ್ತೊಂಬತ್ತು ತುಂಬಿದ ವರ್ಷ ಆ ಗೆರೆಯೊಳಗೆ ಮೋಟಾರಿನ ಎಣ್ಣೆಯ ಕಪ್ಪು ಸೇರಿಕೊಂಡಿತು. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಹೋಗುವುದು ಅವನಿಗೂ ಬೇಕಿರಲಿಲ್ಲ ಅನ್ನಿ.

ನೇಕಾರನಿಗೆ ಮೋಟಾರು ಎಲ್ಲಿಯದು ಅಂತ ಕೇಳುತ್ತೀರಿ. ಮಾವ ಮಗ್ಗ ಅಷ್ಟೇ ಅಲ್ಲ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಯಂತ್ರಗಳನ್ನೂ ರಿಪೇರಿ ಮಾಡುತ್ತಿದ್ದ. ಗದಗಿನ ಒಬ್ಬ ಹತ್ತಿ ವ್ಯಾಪಾರಿಯ ಹಿತ್ತಲಲ್ಲಿ, ಇಂಗ್ಲಿಷ್ ಸಾಹೇಬನೊಬ್ಬ ದೇಶ ಬಿಡುವಾಗ ಬಿಟ್ಟುಹೋದ ಹಳೇ ಕಾರು ಬಿದ್ದಿತ್ತು. ಅದರ ಹಿಂದಿನ ಸೀಟಿನಲ್ಲಿ ಕೋಳಿಗಳು ತತ್ತಿ ಇಡುತ್ತಿದ್ದವು. ಮಾವ ಅದರ ಸುತ್ತ ಸುಳಿದಾಡುವುದನ್ನು ನೋಡಿ ನೋಡಿ ಸಾಕಾಗಿ ವ್ಯಾಪಾರಿಯೇ ಹೇಳಿದ: "ಒಯ್ಯಪಾ ಮಾರಾಯಾ, ನನ್ನ ಹಿತ್ತಲಾ ಒಂದ ಸ್ವಚ್ಛ ಆದ್ರ ಸಾಕು!" ಮಾವ ಎರಡು ಎತ್ತು ಕಟ್ಟಿ ಕಾರನ್ನು ಮನೆಗೆ ಎಳೆದು ತಂದ. ಓಣಿಯವರೆಲ್ಲ ಬಿದ್ದು ಬಿದ್ದು ನಕ್ಕರು. ಎಂಟು ತಿಂಗಳಲ್ಲಿ ಅದು ಓಡಿತು. ಓಡಿಸುವುದನ್ನು ಜಿನ್ನಿನ ಲಾರಿ ಡ್ರೈವರನಿಂದ ಕಲಿತ.

ಈ ಹುಚ್ಚೆಲ್ಲ ನನ್ನ ಅವ್ವನ ಸಲುವಾಗಿ. ಅವ್ವನನ್ನು ತುಂಗಭದ್ರೆಯ ಆಚೆ ದಂಡೆಯ ಹಳ್ಳಿಗೆ ಕೊಟ್ಟಿದ್ದರು. ಆಚೆ ಆಗ ಮದ್ರಾಸ್ ಸೀಮೆ, ಈಚೆ ಮುಂಬಯಿ ಸೀಮೆ. ಪಕ್ಕದ ನಿಜಾಮರ ಸೀಮೆಯಲ್ಲಿ ರಜಾಕಾರರ ಗದ್ದಲವೆದ್ದ ಕಾಲದಲ್ಲಿ ಬೆಟಗೇರಿಯಲ್ಲಿ ಅಜ್ಜಿ ಹಾಸಿಗೆ ಹಿಡಿದಳು. ಹೊಳೆಯಲ್ಲಿ ಹರಿಗೋಲಿನ ಓಡಾಟ ನಿಂತಿತ್ತು, ದಂಡೆಯಲ್ಲಿ ಕಾವಲಿತ್ತು. ಹೇಗೋ ಹೊಳೆ ದಾಟಿ, ಚಕ್ಕಡಿ ಹಿಡಿದು ಅವ್ವ ತವರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮೂರು ದಿನವಾಗಿತ್ತು. ಹೊರಳಿ ಹೋಗುವಾಗ ಅವ್ವ ತಮ್ಮನಿಗೆ ಒಂದು ಮಾತು ಹೇಳಿದಳಂತೆ: "ನಡುವಿನ ಈ ಗಡಿ ಹೋಗಲಿ, ನೀ ಚಕ್ಕಡಿ ಬಿಟ್ಟು ಮೋಟಾರ ತಗೊಂಡ ಬಾ. ಅಲ್ಲೀತನಾ ನನ್ನ ಕರೀಬ್ಯಾಡ." ಸಿಟ್ಟಿನಲ್ಲಿ, ಆಗದ ಮಾತೆಂದೇ ಆಡಿದ್ದು. ಮುಂದೆ ನನ್ನನ್ನು ಓದಲು ಮಾವನ ಮನೆಗೆ ಕಳಿಸಿದಳೇ ಹೊರತು ತಾನು ಬರಲಿಲ್ಲ. ಮಾವನೋ, ಆ ಮಾತನ್ನು ಕರಾರುಪತ್ರದಂತೆ ಇಟ್ಟುಕೊಂಡ.

ಕನ್ನಡ ನಾಡೆಲ್ಲ ಒಂದೇ ರಾಜ್ಯವಾಗುತ್ತದೆ, ಹೊಳೆಯ ಎರಡೂ ದಂಡೆ ಒಂದಾಗುತ್ತವೆ ಎಂಬ ಸುದ್ದಿ ಪಕ್ಕಾ ಆಯಿತಲ್ಲ, ಮಾವನಿಗೆ ಕಾಲು ನೆಲದ ಮೇಲೆ ನಿಲ್ಲದಾಯಿತು. "ಗಡಿ ಹೊಂಟತವಾ! ಮೋಟಾರೂ ಐತಿ! ಇನ್ನ ಅಕ್ಕ ಹೆಂಗ ಬರಂಗಿಲ್ಲ ನೋಡತೇನಿ." ಆದರೆ ಕಾರಿಗೆ ಸ್ಟೆಪ್ನಿ, ಅಂದರೆ ಹೆಚ್ಚಿನ ಟೈರು ಇರಲಿಲ್ಲ. ಟೈರು ಬದಲಿಸಲು ಕಾರನ್ನು ಎತ್ತುವ ಜ್ಯಾಕೂ ಇರಲಿಲ್ಲ. ಕೊರ್ಲಹಳ್ಳಿಯ ಹೊಳೆಯವರೆಗಿನ ದಾರಿಯಲ್ಲಿ ಜಾಲಿಮುಳ್ಳಿಗೆ ಬರವಿಲ್ಲ. ನಡುದಾರಿಯಲ್ಲಿ ನಿಂತರೆ ಅವ್ವ ಮತ್ತೆ ತಡವಾಗಿ ತವರಿಗೆ ಬಂದಂತೆ. ಅದೊಂದನ್ನು ನೆನೆದರೆ ಮಾವ ಅನ್ನ ಬಿಡುತ್ತಿದ್ದ.

ಟೈರಿನ ಮೇಲಿದ್ದ ಅಂಕಿಗಳನ್ನು ನಾನು ಚೀಟಿಯಲ್ಲಿ ಬರೆದುಕೊಟ್ಟೆ. ಆಗಲೇ ನಾನು ಹೆಣ್ಣುಮಕ್ಕಳ ಶಾಲೆಯ ಮಾಸ್ತರಬಾಯಿ, ಅಂಕಿಯಲ್ಲಿ ನನಗೇನು ಸಂಶಯ! ಮಾವ ಚೀಟಿಯನ್ನು ಮುಟ್ಟಲಿಲ್ಲ. "ಸವದಿದ್ದ ಅಂಕಿ ಸುಳ್ಳ ಹೇಳಬಹುದು, ನೂಲು ಹೇಳಂಗಿಲ್ಲ," ಎಂದವನೇ ಓಣಿಯವರಿಂದ ಕಾರು ಎತ್ತಿಸಿ ಟೈರು ಕಳಚಿ, ಬರೀ ಗಾಲಿಯ ಸುತ್ತ ಒಂದೆಳೆ ನೂಲು ಸುತ್ತಿ, ಅಳತೆಗೆ ಎರಡು ಗಂಟು ಹಾಕಿ, ಜೇಬಿನಲ್ಲಿಟ್ಟುಕೊಂಡು ಲಕ್ಷ್ಮೇಶ್ವರಕ್ಕೆ ಹೋದ. ಅಲ್ಲಿ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ನೂಲಿಗೆ ಸರಿಯಾದ ಟೈರು ಸಿಕ್ಕಿತು. ಹೆಗಲಿಗೆ ಹಾಕಿಕೊಂಡು ಕುಣಿಯುತ್ತಾ ಬಂದ. ಗಾಲಿಗೆ ಹಾಕಿದರೆ ಏರಲೊಲ್ಲದು! ಮೂರು ಬೆರಳು ಸಣ್ಣದು.

ಮಾವ ನೂಲನ್ನು ಗಾಲಿಗೊಮ್ಮೆ ಟೈರಿಗೊಮ್ಮೆ ಹಿಡಿದು ನೋಡಿದ. ಆಮೇಲೆ ಹಣೆ ಬಡಿದುಕೊಂಡು ನಕ್ಕ. "ಮಗ್ಗದ ಕೈ ನಂದು, ನೂಲು ಕಂಡ್ರ ಎಳದ ಹಿಡೀತೈತಿ. ಗಾಲಿ ಮ್ಯಾಗ ಬಿಗದ ಅಳದೆ, ಟೈರಿನ ಒಳಗ ಸಡ್ಲ ಬಿಟ್ಟ ಅಳದೆ, ನೂಲು ಕುಗ್ಗಿತ್ತು. ಹೆಂಗ ಕೂಡಬೇಕು? ನಾಳೆ ನೀನೂ ನಡಿ. ಆ ಚೀಟಿ ತಗೋ."

ನನಗೆ ಎಷ್ಟು ಹಿಗ್ಗು! ಮರುದಿನ ಲಕ್ಷ್ಮೇಶ್ವರದ ಆ ಅಂಗಡಿಯಲ್ಲಿ ಸೀರೆ ಸೆರಗು ಸಿಕ್ಕಿಸಿ ಟೈರಿನ ರಾಶಿಯನ್ನೆಲ್ಲ ಕೆದರಿದೆ. ಒಂದೊಂದಕ್ಕೂ ಉಗುಳು ಹಚ್ಚಿ ಒರೆಸಿ ಓದಿದೆ. ಯಾವುದೂ ಕೂಡಲಿಲ್ಲ. ಅಂಗಡಿಯ ಅಜ್ಜ ಒಂದು ಟೈರಿನ ಮೇಲೆ ಗೋಣಿತಟ್ಟು ಹಾಸಿಕೊಂಡು ಕೂತು ಎಲೆ ಅಡಿಕೆ ಹಾಕುತ್ತಿದ್ದ. ನಾನು ಬಗ್ಗಿ ನೋಡಿದೆ, ಚೀಟಿ ನೋಡಿದೆ.

"ಅಜ್ಜಾರ, ಒಂಚೂರು ಏಳ್ರಿ."

"ಯಾಕವಾ? ಇದ ನನ್ನ ಗಾದಿ!"

"ನಿಮ್ಮ ಗಾದೀನ ನಮ್ಮ ಸ್ಟೆಪ್ನಿ ಐತ್ರಿ!"

ಮಾವ ಅಂಗಡಿಯ ನಡುವೆಯೇ ಹೋ ಎಂದು ಕೂಗಿದ. ಆ ಅಜ್ಜ ನಾವು ಹೊರಳಿ ತಂದಿದ್ದ ಸಣ್ಣ ಟೈರನ್ನು ತನ್ನ ಗಾದಿ ಮಾಡಿಕೊಂಡು, ತನ್ನ ಗಾದಿಯನ್ನು ನಮಗೆ ಕೊಟ್ಟ.

ಜ್ಯಾಕಿನದು ಬೇರೆ ಕತೆ. ಲಾರಿಯ ಜ್ಯಾಕು ಎಷ್ಟು ಬೇಕಾದರೂ ಸಿಗುತ್ತಿತ್ತು. ಆದರೆ ಗಾಳಿ ಹೋಗಿ ಕಾರು ಕೆಳಗೆ ಕೂತಾಗ ಅದರಡಿ ಅದು ಹೋಗುತ್ತಿರಲಿಲ್ಲ, ಗಿಡ್ಡ ಜ್ಯಾಕೇ ಬೇಕಿತ್ತು. ಶಿರಹಟ್ಟಿಯಲ್ಲಿ, ಸಂಸ್ಥಾನದ ಕಾಲದಲ್ಲಿ ಸಾಹುಕಾರರೊಬ್ಬರ ಕಾರು ನಡೆಸುತ್ತಿದ್ದ ಮುದುಕ ಡ್ರೈವರನ ಹತ್ತಿರ ಒಂದಿದೆ ಎಂದು ಗೊತ್ತಾಯಿತು. ಅವನು ಅದನ್ನು ದೇವರ ಜಗುಲಿಯ ಪಕ್ಕ ಇಟ್ಟಿದ್ದ. "ಕಾರು ಹೋತು, ಸಾಹುಕಾರ್ರು ಹೋದ್ರು. ಇದೊಂದ ಉಳದೈತಿ. ಕೊಡಂಗಿಲ್ಲ," ಎಂದ. ಮಾವ ಜುಲುಮೆ ಮಾಡಲಿಲ್ಲ. ಅಕ್ಕನ ಕತೆಯನ್ನು ಮೊದಲಿಂದ ಹೇಳಿದ. ಮುದುಕ ಕೇಳಿ ಕೇಳಿ ಮೂಗು ಒರೆಸಿಕೊಂಡು ಎದ್ದು, ಜ್ಯಾಕನ್ನು ಧೋತರದ ತುದಿಯಿಂದ ಒರೆಸಿ ಮಾವನ ಉಡಿಯಲ್ಲಿಟ್ಟ. "ಅಕ್ಕನ್ನ ಮನಿ ಮುಟ್ಟಿಸಿ ತಂದ ಕೊಡು. ಎಣ್ಣಿ ಹಚ್ಚಿ ಕೊಡು, ಮತ್ತ."

ರಾಜ್ಯ ಒಂದಾದ ದಿನ ಬೆಳಗಾಗುತ್ತಲೇ ಹೊರಟೆವು. ಅದೇ ವಾರ ದೀಪಾವಳಿ. ಮುಂಡರಗಿಯಲ್ಲಿ ಮೆರವಣಿಗೆ. ಯಾರೋ ದೊಡ್ಡ ಸಾಹೇಬರು ಬಂದರೆಂದು ಜನ ಹಾರ ಹಿಡಿದು ಕಾರನ್ನು ಮುತ್ತಿದರು. "ಯಾರರೀ ಒಳಗ?" ಎಂದರೆ ಮಾವ, "ಅಕ್ಕನ್ನ ಕರಿಯಾಕ ಹೊಂಟೇವ್ರಿ!" ಎಂದು ಕೂಗಿದ. ಜನ ಚಪ್ಪಾಳೆ ತಟ್ಟಿ ಹಾರವನ್ನು ಕಾರಿಗೇ ಹಾಕಿದರು.

ನಾನು ಮೊದಲೇ ಬರೆದಿದ್ದ ಕಾಗದ ನೋಡಿ, ಕೊರ್ಲಹಳ್ಳಿಯ ದಂಡೆಯಲ್ಲಿ ಅವ್ವ ಹರಿಗೋಲಿನಿಂದ ಇಳಿದಳು. ಕಾರು ನೋಡಿದಳು, ತಮ್ಮನನ್ನು ನೋಡಿದಳು. ಅಳಲಿಲ್ಲ. "ದೀಪಾ ಹಚ್ಚೂದ್ರೊಳಗ ಮನಿ ಮುಟ್ಟಬೇಕು ನೋಡು. ಅವ್ವನ ಹೊತ್ತಿಗೆ ನಾ ಇರಲಿಲ್ಲ," ಎಂದಳು. "ಮುಟ್ಟಸ್ತೇನಿ, ಏರು," ಎಂದ ಮಾವ.

ಮುಂಡರಗಿ ದಾಟಿ ಕಪ್ಪತಗುಡ್ಡ ಎಡಕ್ಕೆ ಕಾಣುತ್ತಿದ್ದಂತೆ ಹಿಂದಿನ ಟೈರು ಫಟ್ ಎಂದಿತು. ನನ್ನ ಎದೆಯೂ ಫಟ್ ಎಂದಿತು. ಮಾವನ ಮುಖ ಮಾತ್ರ ಮದುಮಗನ ಮುಖವಾಯಿತು! ಇಷ್ಟು ದಿನ ತಿರುಗಿದ್ದು ಇದಕ್ಕೇ ಅಲ್ಲವೇ? ಅವ್ವನಿಗೆ ಇಳಿ ಎಂದರೆ ಅವಳು ಸೀಟು ಹಿಡಿದು ಕೂತಳು. "ನಾ ಇಳಿಯಾಂಗಿಲ್ಲ. ಇಳದ್ರ ಮತ್ತ ತಡಾ ಆಕ್ಕೇತಿ."

"ಅಕ್ಕಾ, ಕಾರ ಎತ್ತಬೇಕು."

"ಎತ್ತು. ನನ್ನೂ ಕೂಡೇ ಎತ್ತು."

ಮಾವ ಗಾಲಿಗಳಿಗೆ ಕಲ್ಲು ಕೊಟ್ಟು, ದೂಳಿನಲ್ಲಿ ಅಂಗಾತ ಮಲಗಿ ಜ್ಯಾಕು ಕೂಡಿಸಿದ. ಅದು ಸರಿಯಾಗಿ ಹೋಯಿತು. ಆಮೇಲೆ ಎದ್ದು ಹಿಡಿಕೆ ತಿರುಗಿಸುತ್ತ ಹೋದ. ಕಾರು ಏರಿತು, ಅದರೊಳಗೆ ಸೆರಗು ಹೊದ್ದು ನೆಟ್ಟಗೆ ಕೂತ ನಮ್ಮ ಅವ್ವನೂ ಇಷ್ಟಿಷ್ಟೇ ಮೇಲೇರಿದಳು. ಅವನ ಮೈಯೆಲ್ಲ ಬೆವರು, ಕಣ್ಣಲ್ಲಿ ನೀರು. ಒಳಗಿನಿಂದ ಅವ್ವ ಕೇಳಿದಳು: "ಭಾಳ ಭಾರಾದ್ನೇನೋ ತಮ್ಮಾ?" ಮಾವ, "ಇಲ್ಲ ಬಿಡಬೇ, ಹತ್ತಿ ಇದ್ದಂಗ ಅದಿ," ಎಂದ. ಆಗ ಅವ್ವ ಅತ್ತಳು, ಎಂಟು ವರ್ಷದ್ದನ್ನೆಲ್ಲ ಸೇರಿಸಿ ಅತ್ತಳು.

ಮನೆ ಮುಟ್ಟಿದಾಗ ಓಣಿಯಲ್ಲಿ ಇನ್ನೂ ಒಂದು ದೀಪವೂ ಹತ್ತಿರಲಿಲ್ಲ. ಅಜ್ಜಿ ದೀಪ ಇಡುತ್ತಿದ್ದ ಗೋಡೆಯ ಗೂಡಿನಲ್ಲಿ ಮೊದಲ ದೀಪ ಹಚ್ಚಿದವಳು ಅವ್ವ.

ಮಾವ ಹಬ್ಬ ಮುಗಿದ ಕೂಡಲೇ ಜ್ಯಾಕಿಗೆ ಎಣ್ಣೆ ಹಚ್ಚಿ ಶಿರಹಟ್ಟಿಗೆ ಮುಟ್ಟಿಸಿ ಬಂದ. ಅಂದಿನಿಂದ ಯಾರು ಊರಿಗೆ ಹೊರಟರೂ, ಬಸ್ಸಾಗಲಿ ರೈಲಾಗಲಿ, ಬಾಗಿಲಲ್ಲಿ ನಿಂತು ಅವನು ಕೇಳುವುದು ಒಂದೇ: "ಸ್ಟೆಪ್ನಿ ಐತೇನು?" ರೈಲಿಗೆ ಎಲ್ಲಿಯ ಸ್ಟೆಪ್ನಿ ಮಾವಾ ಎಂದರೆ, "ಕೇಳಿ ಇಡು, ಏನ ಹೋಗತೈತಿ?" ಅನ್ನುತ್ತಿದ್ದ.

ಅವನ ಕೊನೆಯ ದಿನ ನಾನು ಮುಂಡರಗಿಯ ಶಾಲೆಯಲ್ಲಿದ್ದೆ. ಖಬರು ಬಂದೊಡನೆ ಸಿಕ್ಕ ಬಸ್ಸು ಹಿಡಿದು ಓಡಿದೆ. ಅವ್ವ ಹೊಳೆಯಾಚೆಯಿಂದ ನನಗಿಂತ ಮೊದಲೇ ಬಂದು, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಅವನ ಕೈ ಹಿಡಿದೆ. ಉಗುರಿನ ಗೆರೆಯಲ್ಲಿ ಆ ಕಪ್ಪು ಹಾಗೇ ಇತ್ತು. ಮಾವ ಕಣ್ಣು ತೆರೆದು ಅಕ್ಕನನ್ನು ನೋಡಿದ, ನನ್ನನ್ನು ನೋಡಿದ. ತುಟಿ ಅಲ್ಲಾಡಿದವು. ನಾನು ಕಿವಿ ಹತ್ತಿರ ಒಯ್ದೆ.

"ಎಲ್ಲಾರೂ ಜಲ್ದೀನ ಬಂದ್ರೇನು?"

"ಬಂದೇವಿ ಮಾವಾ."

"ಹಂಗಾರ ಆತು," ಎಂದ.