ಎಳೆಯ ಲೆಕ್ಕ ತಪ್ಪಿದಾಗ

ಮೊದಲು ಕೈ ನಿಂತಿತು. ಸೀರೆಯ ಸೆರಗಿಗೆ ಕಸೂತಿಯ ಗೋಪುರ ಹಾಕುತ್ತಿದ್ದೆ. ಸೂಜಿ ಅರ್ಧ ಇಳಿದಿತ್ತಂತೆ. ನಾನು ಗೋಡೆ ನೋಡುತ್ತ ಬಾಯಿ ಚಪ್ಪರಿಸುತ್ತಿದ್ದೆನಂತೆ. ನನಗೇನೂ ನೆನಪಿಲ್ಲ. ಆಮೇಲೆ ಅತ್ತೆ ಹೇಳಿದ್ದು.

ತಿಂಗಳೊಳಗೆ ಅಂಗಳದಲ್ಲಿ ಬಿದ್ದೆ.

ಫಿಟ್ಸ್.

ನಮ್ಮೂರು ಯರಗುಪ್ಪಿಯಿಂದ ಹುಬ್ಬಳ್ಳಿಗೆ ಹೋಗಿ ತಲೆಯ ಇಇಜಿ, ಎಂಆರ್‌ಐ ಮಾಡಿಸಿದೆವು. ಗುಳಿಗೆ ಶುರುವಾಗಿ ಬೀಳುವುದು ನಿಂತಿತು. ಮನೆಯವರೆಲ್ಲ ನಿರಾಳರಾದರು, ನಾನೊಬ್ಬಳು ಆಗಲಿಲ್ಲ. ನನ್ನ ತಲೆಯಲ್ಲಿ ಎಣಿಕೆ ನಿಲ್ಲುತ್ತಿರಲಿಲ್ಲ. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಸೂಜಿ ಹಾಕಬೇಕು. ಗವಂತಿ ಹೊಲಿಗೆಯಲ್ಲಂತೂ ಹೋಗುವಾಗ ಬಿಟ್ಟ ಜಾಗವನ್ನು ತಿರುಗಿ ಬರುವಾಗ ತುಂಬಬೇಕು. ನಾನು ಹೋಗುತ್ತಿದ್ದೆ, ಬರುವ ದಾರಿ ಮರೆಯುತ್ತಿದ್ದೆ. ಯಾರಾದರೂ ನೀರು ಕೇಳಿದರೆ ಸಾಕು, ಮೂರನೇ ಎಳೆಯೋ ನಾಲ್ಕನೆಯದೋ ತಿಳಿಯದು. ಹದಿನಾರು ವರ್ಷ ಇದೇ ಕೆಲಸ ಮಾಡಿದವಳು ನಾನು. ತಲೆ ಕೆಟ್ಟೇಹೋಯಿತು ಎಂದು ಒಲೆಯ ಮುಂದೆ ಕೂತು ಅಳುತ್ತಿದ್ದೆ.

ಕಸೂತಿ ಕಲಿಸಿದವರು ಅತ್ತೆಯೇ. ಸೊಟ್ಟ ಗೋಪುರ ಅವರ ಕಣ್ಣಿಗೆ ಮುಚ್ಚಿಟ್ಟರೂ ಬೀಳುತ್ತದೆ. ಅವರು ಬಯ್ಯಲಿಲ್ಲ. ಪಕ್ಕದಲ್ಲಿ ಕೂತು ನನ್ನ ಕೈ ಕಾಯತೊಡಗಿದರು. ಬೈದಿದ್ದರೇ ಚೆನ್ನಾಗಿತ್ತು. ಕಡೆಗೊಂದು ದಿನ, ಆರಾಮ ಮಾಡು ಎಂದು ಸೀರೆಗಳನ್ನು ಟ್ರಂಕಿಗೆ ಹಾಕಿದರು.

ಮುಂದಿನ ಸಲ ಡಾಕ್ಟರ ಹತ್ತಿರ ಅವರೇ ಬಾಯಿಬಿಟ್ಟರು.

"ಇಕಿ ಬುದ್ಧಿ ಹೋಗತೈತೇನ್ರಿ?"

ಡಾಕ್ಟರು ಕೆಲವು ಅಂಕಿ ಹೇಳಿ, ಅವನ್ನೇ ಕೊನೆಯಿಂದ ಮೊದಲಿಗೆ ನನ್ನಿಂದ ಹೇಳಿಸಿದರು. ಮೂರು ಅಂಕಿಗೇ ಮುಗ್ಗರಿಸಿದೆ. ಮೆದುಳಿನ ಭಾಗಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತ ಕೆಲಸ ಮಾಡುತ್ತವೆ, ಫಿಟ್ಸ್ ಇರುವವರಲ್ಲಿ ಆ ಜಾಲ ಬದಲಾಗಬಹುದು ಎಂದರು. ಆಗ ಕೈಯಲ್ಲೊಂದು ಕೆಲಸವಿರುವಾಗ ಇನ್ನೊಂದನ್ನು ಮನಸ್ಸಿನಲ್ಲಿ ಕ್ಷಣಹೊತ್ತು ಹಿಡಿದಿಡುವುದೂ ಕಷ್ಟವಂತೆ. ಹಾಗೆ ಹಿಡಿದಿಡುವ ಶಕ್ತಿಯ ಹೆಸರು ವರ್ಕಿಂಗ್ ಮೆಮೊರಿ.

"ಬುದ್ಧಿ ಎಲ್ಲೂ ಹೋಗಿಲ್ರಿ ಅಕ್ಕಾರ. ಎಲ್ಲಾ ತಲ್ಯಾಗ ಹಿಡಕೊಳ್ಳಾಕ ಹೋಗಬ್ಯಾಡ್ರಿ, ಗುರುತು ಮಾಡಿ ಇಟಗೋರಿ," ಎಂದು ನನ್ನ ಕಡೆ ತಿರುಗಿ ಹೇಳಿದರು.

ಹೋದ ಜೀವ ಬಂದಂತಾಯಿತು.

ಮನೆಗೆ ಬಂದವರೇ ಅತ್ತೆ ಟ್ರಂಕು ತೆಗೆದರು. ಹೊಸದಾಗಿ ಕಲಿಯುವವರಿಗೆ ಮಾಡಿಕೊಡುವ ಹಾಗೆ, ಗೋಪುರದ ಪ್ರತಿ ತಿರುವಿಗೂ ಬಿಳಿ ದಾರದ ಗುರುತು ಹಾಕಿದರು. ನನಗೆ ನಾಚಿಕೆಯಾಯಿತು.

"ಮುಗದ ಮ್ಯಾಲ ಕಿತ್ತು ಒಗದ್ರ ಯಾರಿಗೆ ಗೊತ್ತಾಗತೈತಿ? ಸೂಜಿ ಹಾಕ ಬೇ," ಎಂದರು.

ಈಗಲೂ ಒಲೆಯ ಮೇಲೆ ಹಾಲಿಟ್ಟು ಮರೆತು ಉಕ್ಕಿಸುತ್ತೇನೆ. ಗುಳಿಗೆ ತಪ್ಪಿಸುವಂತಿಲ್ಲ. ನಾಳೆ ಹೇಗೋ ಗೊತ್ತಿಲ್ಲ. ಆದರೆ ಗುರುತುಗಳನ್ನು ಈಗ ನಾನೇ ಹಾಕಿಕೊಳ್ಳುತ್ತೇನೆ. ಹೋದ ವಾರ ಅತ್ತೆ ಒಂದು ಹೊಸ ಸೀರೆ ತಂದು ನನ್ನ ಮಡಿಲಿಗೆ ಹಾಕಿದರು. ಮೊದಲಿನ ಹಾಗೆ ಪಕ್ಕದಲ್ಲಿ ಕೂತು ನನ್ನ ಕೈ ಕಾಯುತ್ತಾರೆಂದು ಚಾಪೆಯ ಮೇಲೆ ಜಾಗ ಬಿಟ್ಟೆ. ಅವರು ಕೂರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊಲಕ್ಕೆ ಹೊರಟೇ ಹೋದರು.