ಭಾವನ ಪಾವು

ನಮ್ಮ ಬೀದಿಯಲ್ಲಿ ಪಾವು ಹಾಸುವುದು ಒಬ್ಬರ ಕೆಲಸವಲ್ಲ. ಮಗ್ಗದಲ್ಲಿ ಸೀರೆ ನೇಯಲು ಬೇಕಾದ ಉದ್ದನೆಯ ಎಳೆಗಳೇ ಪಾವು; ಅವನ್ನು ಬೀದಿಗುಂಟ ಎಳೆದು ಕಟ್ಟಿ, ಗಂಜಿ ಹಚ್ಚಿ, ತೀಡಿ, ಒಣಗಿಸಿ ಸುತ್ತಬೇಕು. ಅಕ್ಕಪಕ್ಕದ ಮನೆಯವರೆಲ್ಲ ಸೇರಿದರೇ ಆಗುವಂಥದ್ದು. ಇವತ್ತು ನಿಮ್ಮದು, ನಾಳೆ ನಮ್ಮದು.

ಗಂಡ ಸತ್ತ ಮೇಲೆ ನಾನು ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತಳಾದೆ. ಆವತ್ತೇ ಗಂಡನ ಅಣ್ಣ, ನನ್ನ ಭಾವ, ಬೀದಿಯಲ್ಲಿ ನಿಂತು, "ಇವಳ ಪಾವು ಯಾರೂ ಮುಟ್ಟಬ್ಯಾಡಿ" ಎಂದ. ಯಾರೂ ಮುಟ್ಟಲಿಲ್ಲ. ಪಾವಿಲ್ಲದ ಮೇಲೆ ಮಗ್ಗವೇಕೆ? ಯಾರಿಗೂ ಹೇಳದೆ ಬಿಚ್ಚಿ ಒಲೆಗೆ ಹಾಕಿದೆ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ನೂಲಿನ ತುದಿ ಕತ್ತರಿಸಲು ದಿನಾ ಹೋಗಿಬರತೊಡಗಿದೆ. ನೇಯುವ ಕೈಗೆ ಕತ್ತರಿ ಹಿಡಿಸಿದವನನ್ನು ನಾನು ಕ್ಷಮಿಸಿಲ್ಲ. ಕ್ಷಮಿಸಿದ್ದೇನೆ ಎಂದು ಪ್ರಾರ್ಥನೆಯಲ್ಲಿ ಹೇಳುತ್ತೇನೆ, ಅದು ಬೇರೆ.

ಹೋದ ಮಳೆಗಾಲದ ಒಂದು ಭಾನುವಾರ ಬಿಳಿ ಸೀರೆ ಉಟ್ಟು ಚರ್ಚಿಗೆ ಹೊರಟಿದ್ದೆ. ಬೀದಿಯಲ್ಲಿ ಭಾವನ ಪಾವು ಹಾಸಿತ್ತು. ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ಅವನ ಹೆಂಡತಿ, ನಡುವೆ ಯಾರೂ ಇಲ್ಲ. ಬೀದಿಯ ಹರೆಯದವರೆಲ್ಲ ಕಂಪನಿ ಪಾಲು. ಮೋಡ ಕವಿದಿತ್ತು. ಮಳೆ ಬಿದ್ದರೆ ಗಂಜಿ ತೊಳೆದುಹೋಗಿ ಎಳೆಗಳೆಲ್ಲ ಸಿಕ್ಕಾಗುತ್ತವೆ. ಮಾಡಿದ್ದುಣ್ಣೋ ಮಹರಾಯ ಅಂದುಕೊಂಡೆ. ಸ್ವಾಮಿ, ಸುರಿಸು ಎಂದು ಮನಸಾರೆ ಪ್ರಾರ್ಥಿಸಿದೆ.

ಆದರೆ ಹಗೆಯವನ ಕತ್ತೆ ಹೊರೆಯಡಿ ಬಿದ್ದಿದ್ದರೂ ದಾಟಿ ಹೋಗಬಾರದು, ಅವನ ಜೊತೆ ಸೇರಿ ಎತ್ತಬೇಕು ಎಂಬುದು ನಮ್ಮ ದೇವರ, ಆಂಡವರ, ಕಟ್ಟಳೆ. ಅದನ್ನು ವಿಧಿಸುವಾಗ ಅವನಿಗೆ ನನ್ನ ಭಾವ ಗೊತ್ತಿರಲಿಲ್ಲವೇ ಎಂದು ಸಿಟ್ಟು ಬಂತು. ಸೆರಗು ಸಿಕ್ಕಿಸಿಕೊಂಡು ಪಾವಿನ ನಡುವೆ ಹೋಗಿ ನಿಂತೆ.

"ನೀ ಯಾಕಮ್ಮಾ..." ಎಂದ ಭಾವ.

"ನಿಮಗೋಸ್ಕರ ಬರಲಿಲ್ಲ ಭಾವ. ಆಂಡವರು ಹೇಳವ್ರೆ, ಬಂದೆ. ಸುತ್ತಿ, ಮಳೆ ಬತ್ತದೆ."

ಸುತ್ತಿದೆವು. ಹರಿದ ಎಳೆ ಕಂಡಲ್ಲೆಲ್ಲ ಗಂಟು ಹಾಕಿದೆ. ಒಂದನ್ನು ಬಿಟ್ಟಿದ್ದರೂ ಸೀರೆಯುದ್ದಕ್ಕೂ ಗೀರು ಬೀಳುತ್ತಿತ್ತು, ಯಾರ ತಪ್ಪೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಬಿಡಬೇಕೆಂದು ತುಂಬಾ ಆಸೆಯಾಯಿತು. ಪೂರ್ಣ ಮನಸ್ಸಿನಿಂದ ವಿಧೇಯರಾಗಿ ಎಂದು ನಮ್ಮ ಪಾದ್ರಿಗಳು ಹೇಳುತ್ತಿರುತ್ತಾರೆ. ನನ್ನ ಬೆರಳುಗಳಂತೂ ಪೂರ್ತಿ ವಿಧೇಯವಾಗಿದ್ದವು. ಪಾವು ಒಳಗೆ ಹೋಗುವುದಕ್ಕೂ ಹನಿ ಬೀಳುವುದಕ್ಕೂ ಸರಿಹೋಯಿತು.

ಭಾವ ಜಗಲಿಯ ಮೇಲೆ ಕುಳಿತು ಸುಧಾರಿಸಿಕೊಂಡ. "ಇನ್ಮೇಲೆ ನೀ ಮತ್ತೆ ನೇಯೋದಾದ್ರೆ, ಪಾವು ಹಾಸಾಗ ಕೂಗಮ್ಮಾ. ನಾ ಬತ್ತೀನಿ" ಎಂದ.

ಇಷ್ಟು ವರ್ಷ ನಾನು ಕಾದಿದ್ದು ಇಂಥ ಒಂದು ಮಾತಿಗೇ.

"ಮಗ್ಗ ಎಲ್ಲದೆ ಭಾವ? ನೀವು ಮುಟ್ಟಬ್ಯಾಡಿ ಅಂದ ವರ್ಷಾನೇ ಒಲೆಗಿಟ್ಟೆ. ನಿಮ್ಮ ತಮ್ಮ ಕೂತು ನೇಯ್ದ ಮಗ್ಗ. ಚೆನ್ನಾಗಿ ಉರೀತು."

ಅವನ ಮುಖ ಕಪ್ಪಿಟ್ಟಿತು. ನನ್ನ ಹೊಟ್ಟೆ ತಣ್ಣಗಾಯಿತು.

ಚರ್ಚಿನಲ್ಲಿ ಆವತ್ತು ಕರ್ತನ ಭೋಜನವಿತ್ತು. ಕರ್ತನ ನೆನಪಿಗೆ ಹಂಚುವ ಆ ರೊಟ್ಟಿಯನ್ನು ಮನಸ್ಸಿನಲ್ಲಿ ಹಗೆ ಇಟ್ಟುಕೊಂಡವರು ಮುಟ್ಟಬಾರದು. ರೊಟ್ಟಿಯ ತಟ್ಟೆ ನನ್ನ ಮುಂದೆ ಬಂದಾಗ ಕೈಯಲ್ಲಿ ಇನ್ನೂ ಗಂಜಿಯ ವಾಸನೆಯಿತ್ತು. ಭಾವನ ಮುಖ ನೆನೆನೆನೆದು ಸಂತೋಷವಾಗುತ್ತಿತ್ತು. ಆ ಸಂತೋಷ ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ತಟ್ಟೆಯನ್ನು ಪಕ್ಕದವಳಿಗೆ ದಾಟಿಸಿದೆ.